ಸಾಲಿ ಮತ್ತು ತೊಟ್ಟಿಲು

ರಾಯಚೂರು ಸೀಮೆಯ ಹಳೇ ಕಾಲದ ಹೆಂಗಸರನ್ನು ಮಕ್ಕಳೆಷ್ಟು ಎಂದು ಕೇಳಿದರೆ ಎರಡು ಲೆಕ್ಕ ಬರುತ್ತವೆ. ಹಡದದ್ದು ಇಷ್ಟು, ಉಳಿದದ್ದು ಇಷ್ಟು. ನಡುವಿನ ಅಂತರ ಏನಾಯಿತು ಎಂದು ಯಾರೂ ಬಿಡಿಸಿ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಜನಸಂಖ್ಯೆಯ ಸಮೀಕ್ಷೆ ಮಾಡುವವರು ತಮ್ಮ ನಮೂನೆಯಲ್ಲಿ ಈ ಎರಡಕ್ಕೂ ಬೇರೆ ಬೇರೆ ಪ್ರಶ್ನೆ ಇಟ್ಟುಕೊಂಡಿರುತ್ತಾರೆ. ಅಕ್ಷರದ ಮುಖ ಕಾಣದ ಈ ಅಜ್ಜಿಯಂದಿರು ಆ ಪಾಠವನ್ನು ಮೊದಲೇ ಕಲಿತಿದ್ದರು.

ರಾಯಚೂರಿನಿಂದ ಗುಂತಕಲ್ಲಿನ ಕಡೆ ಹೊರಟ ಪ್ಯಾಸೆಂಜರ್ ರೈಲು ಹೊಳೆ ದಾಟುವ ಮೊದಲು ನಿಲ್ಲುವ ಊರು ಮಟಮಾರಿ. ಅದರಾಚೆ ತುಂಗಭದ್ರೆಯ ಸೇತುವೆ, ಸೇತುವೆಯಾಚೆ ಆಂಧ್ರ. ಬೊಂಬಾಯಿ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆಗ ದೇಶದ ಎರಡು ಮಹಾನಗರಗಳ ನಡುವಿನ ಹೆದ್ದಾರಿ ಈ ಹೊಲಗಳ ಪಕ್ಕದಲ್ಲೇ ಹಾದುಹೋಯಿತು. ಹಾದುಹೋಯಿತು ಅಷ್ಟೇ. ಐದು ವರ್ಷಕ್ಕೆ ಧಾತು ಬರ ಬಂತು. 1876ರಿಂದ 78ರವರೆಗಿನ ಆ ಕ್ಷಾಮದಲ್ಲಿ ಕೃಷ್ಣೆ, ತುಂಗಭದ್ರೆಯ ನಡುವಿನ ಈ ದೋಆಬ ನೆಲ ಎರಡು ನದಿಗಳಿದ್ದೂ ಒಣಗಿ ಹೋಯಿತು. ಬರದ ಬೆನ್ನಿಗೆ ಕಾಲರಾ, ಅದರ ಬೆನ್ನಿಗೆ ಪ್ಲೇಗು, 1918ರಲ್ಲಿ ಇನ್‌ಫ್ಲುಯೆಂಜಾ. ಇಪ್ಪತ್ತನೇ ಶತಮಾನದ ಆರಂಭದ ಭಾರತದಲ್ಲಿ ಹುಟ್ಟಿದ ಐದು ಕೂಸುಗಳಲ್ಲಿ ಒಂದಾದರೂ ವರ್ಷ ತುಂಬುವ ಮೊದಲೇ ಮಣ್ಣಾಗುತ್ತಿತ್ತು. ಇಂಥ ಕಾಲದಲ್ಲಿ ಆರೋ ಎಂಟೋ ಹಡೆಯುವುದನ್ನು ಅಜ್ಞಾನ ಎಂದು ಕರೆದವರು ಆ ಲೆಕ್ಕವನ್ನು ಕೂತು ಮಾಡಿದವರಲ್ಲ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಎಂಬ ಗಾದೆಯಲ್ಲಿ ಭಕ್ತಿಯಷ್ಟೇ ಬೇಸಾಯದ ಲೆಕ್ಕವೂ ಇದೆ. ಏಳನೇ ವರ್ಷಕ್ಕೆ ಹುಡುಗ ದನ ಕಾಯುತ್ತಾನೆ, ಹುಡುಗಿ ತಮ್ಮನನ್ನು ಬಗಲಲ್ಲಿ ಹೊತ್ತು ಅವ್ವ ಹೊಲಕ್ಕೆ ಹೋಗುವಂತೆ ಮಾಡುತ್ತಾಳೆ, ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಸಣ್ಣ ಕೈಗಳೇ ಚುರುಕು. ಹೊಟ್ಟೆ ಒಂದಾದರೆ ಕೈ ಎರಡು.

ಅಕ್ಷರ ಈ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ವಿಚಿತ್ರವೆಂದರೆ, ಕನ್ನಡ ನಾಡಿನ ಅತಿ ಹಳೆಯ ಬರಹಗಳಲ್ಲೊಂದು ಇದೇ ಜಿಲ್ಲೆಯ ಮಸ್ಕಿಯ ಬಂಡೆಯ ಮೇಲಿದೆ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬಿದ್ದ ಆ ಶಾಸನದಲ್ಲಿ ಅಶೋಕನ ಹೆಸರೇ ಕೊರೆದಿತ್ತು. ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ವನ್ನು ಈ ಭಾಗದ ಎಷ್ಟೋ ಮನೆಗಳ ಹೆಂಗಸರು ಪುಸ್ತಕ ಮುಟ್ಟದೆ ಬಾಯಲ್ಲೇ ಹೇಳುತ್ತಿದ್ದರು. ಆದರೆ ಸಾಲಿ, ಅಂದರೆ ಶಾಲೆ, ಬೇರೆಯೇ ಮಾತು. 1901ರ ಜನಗಣತಿಯಲ್ಲಿ ಇಡೀ ಭಾರತದ ಹೆಂಗಸರಲ್ಲಿ ಓದು ಬಲ್ಲವರು ಶೇ 0.60. ನಿಜಾಮನ ರಾಜ್ಯದ ತೆಂಕಣ ಅಂಚಿನಲ್ಲಿದ್ದ ರಾಯಚೂರು ಆ ಸರಾಸರಿಯನ್ನು ಮೇಲೆತ್ತುವ ಜಾಗವಾಗಿರಲಿಲ್ಲ.

ರಾಯಚೂರು 1853ರಲ್ಲಿ ಸಾಲದ ಬಾಬತ್ತಿಗೆ ಬ್ರಿಟಿಷರ ಕೈಗೆ ಹೋಗಿ, 1860ರಲ್ಲಿ ಮರಳಿ ನಿಜಾಮನ ಪಾಲಾಗಿತ್ತು. ಅಲ್ಲಿಂದ 1948ರ ಸೆಪ್ಟೆಂಬರ್‌ವರೆಗೆ ಆಡಳಿತದ ಮಾತು ಮೊದಲು ಫಾರಸಿ, ಆಮೇಲೆ ಉರ್ದು. ಪ್ರಾಥಮಿಕ ಹಂತ ದಾಟಿದ ಹುಡುಗ ಉರ್ದುವಿನಲ್ಲೇ ಮುಂದಕ್ಕೆ ಹೋಗಬೇಕಿತ್ತು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟಿತೆಂಬ ಹೆಮ್ಮೆ ಸರಿಯೇ. ಆದರೆ ಮಟಮಾರಿಯ ಹೊಲದ ಮನೆಯ ಹುಡುಗನಿಗೆ ಆ ಭಾರತೀಯ ಭಾಷೆ ಇಂಗ್ಲಿಷಿನಷ್ಟೇ ದೂರ. ಹುಡುಗಿಯ ಪ್ರಶ್ನೆ ಏಳುತ್ತಲೇ ಇರಲಿಲ್ಲ.

ಈ ಬಾಗಿಲನ್ನು ಹೊರಗಿನಿಂದ ಬಂದು ತಟ್ಟಿದವರಲ್ಲಿ ಇಬ್ಬರು ಕರಾವಳಿಯವರು. ಪಂಡಿತ ತಾರಾನಾಥರು (1891-1942) ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರು. ನಿಜಾಮನ ಸರ್ಕಾರದ ಕಣ್ಣು ಕೆಂಪಾದ ಮೇಲೆ ಮಟಮಾರಿಯಾಚೆ, ಹೊಳೆಯ ಆ ದಂಡೆಗೆ, ಆಗಿನ ಮದರಾಸು ಪ್ರಾಂತದ ನೆಲಕ್ಕೆ ಹೋಗಿ ಪ್ರೇಮಾಯತನ ಆಶ್ರಮ ನಡೆಸಿದರು. ಇನ್ನೊಬ್ಬರು ಪಂಜೆ ಮಂಗೇಶರಾಯರು. 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮಕ್ಕಳ ಪದ್ಯ ಬರೆದ, ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ಅಲೆದ ಈ ಮೇಷ್ಟ್ರೇ ಅಧ್ಯಕ್ಷರು. ಅವರ ಊರಿನ ಕಡೆ ಬಾಸೆಲ್ ಮಿಶನ್ನಿನವರು ಹತ್ತೊಂಬತ್ತನೇ ಶತಮಾನದ ನಡುವಿಗಾಗಲೇ ಹೆಣ್ಣುಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿದ್ದರು. ಪಂಜೆಯವರು ಅಧ್ಯಕ್ಷತೆ ವಹಿಸಿದ ಊರಿನಲ್ಲಿ ಕನ್ನಡದ ಸಾಲಿಯೇ ಅಪರೂಪ. ಆ ಅಂತರ ತುಂಬಾ ದಿನ ಬಾಳಿತು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ರಾಯಚೂರಿನದು ಶೇ 59.56. ಯಾದಗಿರಿ ಒಂದನ್ನು ಬಿಟ್ಟರೆ ರಾಜ್ಯದಲ್ಲಿ ಕಡೆಯ ಸ್ಥಾನ.

ಪಂಜೆಯವರ ಕಾಲದಲ್ಲೇ ದಕ್ಷಿಣದ ಮೈಸೂರು ಸಂಸ್ಥಾನದಲ್ಲಿ ಬೇರೆಯೇ ಪ್ರಯೋಗ ನಡೆದಿತ್ತು. 1930ರಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳನ್ನು ತೆರೆಯಲು ಆದೇಶ ಹೊರಡಿಸಿತು. ಜಗತ್ತಿನಲ್ಲಿ ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಅದೇ ಮೊದಲು ಎಂದು ಹೇಳುವವರಿದ್ದಾರೆ. ಅಮೆರಿಕದಲ್ಲಿ ಈ ವಿಷಯದ ಕಾಗದಪತ್ರವನ್ನು ಅಂಚೆಯಲ್ಲಿ ಕಳಿಸುವುದೇ ಆಗ ಅಪರಾಧ. ಆದರೆ ಬಾಗಿಲು ತೆರೆದರೆ ಜನ ಬರಬೇಕಲ್ಲ! ಸ್ವಾತಂತ್ರ್ಯ ಬಂದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಬಂದ ಡಾ. ಅಬ್ರಹಾಂ ಸ್ಟೋನ್ ರಾಮನಗರದಲ್ಲಿ ಹೆಂಗಸರ ಕೈಗೆ ಮಣಿಸರ ಕೊಟ್ಟು ನೋಡಿದರು. ಸುರಕ್ಷಿತ ದಿನಕ್ಕೊಂದು ಬಣ್ಣದ ಮಣಿ, ಗರ್ಭ ನಿಲ್ಲುವ ದಿನಕ್ಕೆ ಮತ್ತೊಂದು. ದಿನಕ್ಕೊಂದು ಮಣಿ ಸರಿಸಬೇಕು. ರಾತ್ರಿ ದೀಪವಿಲ್ಲದ ಮನೆಯಲ್ಲಿ ಬಣ್ಣ ಕಾಣುವುದಿಲ್ಲ, ಸರ ಕಂಡರೆ ನೆರೆಯವರು ನಗುತ್ತಾರೆ, ಒಂದು ದಿನ ಸರಿಸಲು ಮರೆತರೆ ಲೆಕ್ಕವೆಲ್ಲ ಅಡಿಮೇಲು. ಪ್ರಯೋಗ ಬಿದ್ದುಹೋಯಿತು.

ಅದೇ ಕಾಲಕ್ಕೆ, 1951-52ರಲ್ಲಿ, ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ ಮಾಡಿದ ‘ಮೈಸೂರು ಜನಸಂಖ್ಯಾ ಅಧ್ಯಯನ’ 1961ರಲ್ಲಿ ಅಚ್ಚಾಯಿತು. ಅದರಲ್ಲಿ ಕಂಡ ಒಂದು ಸಂಗತಿಯನ್ನು ಜನಸಂಖ್ಯಾಶಾಸ್ತ್ರದವರು ಇವತ್ತಿಗೂ ನೆನೆಯುತ್ತಾರೆ. ಏನೂ ಓದದವಳಿಗೂ ನಾಲ್ಕಕ್ಷರ ಕಲಿತವಳಿಗೂ ಮಕ್ಕಳ ಸಂಖ್ಯೆಯಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಹೈಸ್ಕೂಲು, ಕಾಲೇಜು ಮುಟ್ಟಿದವಳಲ್ಲಿ ಮಾತ್ರ ಇಳಿತ ಎದ್ದು ಕಾಣುತ್ತಿತ್ತು. ಸಹಿ ಹಾಕಲು ಬಂದ ಮಾತ್ರಕ್ಕೆ ತೊಟ್ಟಿಲು ನಿಲ್ಲುವುದಿಲ್ಲ. ಹುಡುಗಿ ಹದಿನಾರು, ಹದಿನೆಂಟರವರೆಗೆ ಶಾಲೆಯಲ್ಲಿ ಉಳಿದರೆ ಮದುವೆಯೇ ತಡವಾಗುತ್ತದೆ. ಮೈಸೂರು ಪೇಟೆಯಲ್ಲಿ ಆಗ ಅಂಥ ಹುಡುಗಿಯರು ಬೆರಳೆಣಿಕೆಯಷ್ಟಾದರೂ ಇದ್ದರು. ರಾಯಚೂರು ಜಿಲ್ಲೆಯ ದೇವದುರ್ಗದಲ್ಲಿ?

1956ರ ನವೆಂಬರ್ 1ರಂದು ಹೈದರಾಬಾದಿನ ಕನ್ನಡ ಜಿಲ್ಲೆಗಳು ಮೈಸೂರಿಗೆ ಸೇರಿದವು. ಅಷ್ಟರಲ್ಲಿ ತುಂಗಭದ್ರಾ ಅಣೆಕಟ್ಟು ತುಂಬಿತ್ತು. ಎಡದಂಡೆಯ ಕಾಲುವೆ ಸಿಂಧನೂರು, ಮಾನ್ವಿಗಳನ್ನು ದಾಟಿ ರಾಯಚೂರು ತಾಲೂಕಿನ ಕಡೆ ಹರಿಯಿತು. ಆಂಧ್ರದ ರೈತರು ಬಂದು ‘ಕ್ಯಾಂಪು’ಗಳನ್ನು ಕಟ್ಟಿಕೊಂಡು ಭತ್ತ ಬೆಳೆದರು. ಜೋಳದ ನೆಲ ಭತ್ತದ ನೆಲವಾದಾಗ ನಾಟಿ ಹಚ್ಚಲು, ಕಳೆ ತೆಗೆಯಲು ಹೆಂಗಸರ ಕೂಲಿಗೆ ಬೇಡಿಕೆ ಏರಿತು. ಸಾಲಿಗೆ ಹೋಗಬೇಕಿದ್ದ ಹುಡುಗಿಯೂ ಅವ್ವನ ಜೊತೆ ಗದ್ದೆಗೆ ಇಳಿದಳು. ನೀರು ಬಂದರೆ ಅಕ್ಷರವೂ ಬರುತ್ತದೆ ಎಂದು ಯೋಜನೆ ಬರೆದವರು ನಂಬಿದ್ದರು. ಹಾಗಾಗಲಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಪಟ್ಟಿ ಮಾಡಿದಾಗ ಕಾಲುವೆಯ ನೀರು ಕಂಡ ಸಿಂಧನೂರು, ಮಾನ್ವಿಗಳೂ ದೇವದುರ್ಗ, ಲಿಂಗಸುಗೂರುಗಳ ಜೊತೆ ‘ಅತ್ಯಂತ ಹಿಂದುಳಿದ’ ತಾಲೂಕುಗಳ ಸಾಲಿನಲ್ಲೇ ನಿಂತಿದ್ದವು.

ಸಾಲಿಗಿಂತ ಮೊದಲು ಊರಿಗೆ ಬಂದದ್ದು ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ನಗುವ ಅಪ್ಪ, ಅವ್ವ, ಇಬ್ಬರು ಮಕ್ಕಳು. ಆರತಿಗೊಬ್ಬಳು ಕೀರ್ತಿಗೊಬ್ಬ ಎಂಬ ಹಳೆಯ ನುಡಿಯನ್ನೇ ಸರ್ಕಾರ ತನ್ನ ಘೋಷಣೆ ಮಾಡಿಕೊಂಡಿತು. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಹೆಚ್ಚಿನವು ಗಂಡಸರವು. ಆ ಬಲವಂತದ ನೆನಪು ಗಂಡಸರನ್ನು ಆಸ್ಪತ್ರೆಯಿಂದ ಓಡಿಸಿತು, ಅವರು ಮತ್ತೆ ತಿರುಗಿ ಬರಲಿಲ್ಲ. ಹೊರೆ ಪೂರ್ತಿ ಹೆಂಗಸಿನ ಹೊಟ್ಟೆಯ ಮೇಲೆ ಬಿತ್ತು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಶೇ 57.4 ಮಂದಿ ಆಪರೇಶನ್ ಮಾಡಿಸಿಕೊಂಡವರು. ಗಂಡಸರ ಪಾಲು ದಶಮಾಂಶದ ಆಚೆಗೂ ಸೊನ್ನೆ. ‘ಆಪರೇಶನ್’ ಎಂಬ ಮಾತಿಗೆ ಈ ಹಳ್ಳಿಗಳಲ್ಲಿ ಬೇರೆ ವಿಶೇಷಣವೇ ಬೇಡ. ಆಕಿ ಆಪರೇಶನ್ ಮಾಡಿಸ್ಕೊಂಡಾಳ ಎಂದರೆ ಯಾವುದೆಂದು ಎಲ್ಲರಿಗೂ ಗೊತ್ತು.

ಈಗ ಒಗಟಿನ ಹತ್ತಿರ ಬರಬಹುದು.

1971ರಲ್ಲಿ ಕರ್ನಾಟಕದ ಹೆಂಗಸೊಬ್ಬಳು ಸರಾಸರಿ 4.4 ಮಕ್ಕಳನ್ನು ಹಡೆಯುತ್ತಿದ್ದಳು. 1992-93ರ ಸಮೀಕ್ಷೆಯಲ್ಲಿ ಅದು 2.9ರ ಹತ್ತಿರ, 2005-06ಕ್ಕೆ 2.1, 2019-20ಕ್ಕೆ 1.7. ಅಪ್ಪ, ಅವ್ವ ಇಬ್ಬರ ಜಾಗವನ್ನು ಮುಂದಿನ ಪೀಳಿಗೆ ತುಂಬಲು ಬೇಕಾದ 2.1ಕ್ಕಿಂತ ಇದು ಕೆಳಗೆ. ಓದಿದಷ್ಟೂ ಮಕ್ಕಳು ಕಡಿಮೆ ಎಂಬ ಸೂತ್ರಕ್ಕೆ ಸಾಕ್ಷಿ ಬೇಕಾದಷ್ಟಿದೆ. ಅದೇ ಸಮೀಕ್ಷೆಯಲ್ಲಿ ಭಾರತದ ಶಾಲೆ ಕಾಣದ ಹೆಂಗಸರಿಗೆ ಸರಾಸರಿ 2.8 ಮಕ್ಕಳು, ಹನ್ನೆರಡು ವರ್ಷ ಓದಿದವರಿಗೆ 1.8. ಆದರೆ 2011ರಲ್ಲೂ ರಾಯಚೂರು ಜಿಲ್ಲೆಯ ಹೆಂಗಸರಲ್ಲಿ ಓದು ಬಲ್ಲವರು ಶೇ 48.73. ಅರ್ಧಕ್ಕಿಂತ ಕಡಿಮೆ. ಅವರ ಅತ್ತೆಯಂದಿರ ಕಾಲದಲ್ಲಿ ಇನ್ನೂ ಎಷ್ಟೋ ಕಡಿಮೆ. ಅಷ್ಟಾದರೂ ಆರು, ಎಂಟು ಮಕ್ಕಳ ಮನೆಗಳು ಈ ಜಿಲ್ಲೆಯಲ್ಲೂ ಮೂರಕ್ಕೆ, ಎರಡಕ್ಕೆ ಇಳಿದವು. ಓದದ ತಾಯಂದಿರು ಯಾರ ಮಾತು ಕೇಳಿ ನಿಲ್ಲಿಸಿದರು?

ಈ ಪ್ರಶ್ನೆಗೆ ಸಿಕ್ಕ ಒಳ್ಳೆಯ ಉತ್ತರಗಳಲ್ಲಿ ಎರಡಕ್ಕೆ ಕರ್ನಾಟಕದ ನಂಟಿದೆ. ಆಸ್ಟ್ರೇಲಿಯದ ಜಾನ್ ಕಾಲ್ಡ್‌ವೆಲ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿ ಬೆಂಗಳೂರಿನ ಪಾಪ್ಯುಲೇಶನ್ ಸೆಂಟರಿನ ಪಿ.ಎಚ್. ರೆಡ್ಡಿಯವರ ಜೊತೆಗೂಡಿ 1980ರ ಆಸುಪಾಸಿನಲ್ಲಿ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಕೂತರು. ಅಂಕಿ ಎತ್ತಿಕೊಂಡು ಹೊರಡದೆ, ಜಗಲಿಯ ಮೇಲೆ ಹರಟಿದರು. ಅವರಿಗೆ ತಿಳಿದದ್ದು ಇಷ್ಟು: ಮಗು ಶಾಲೆಗೆ ಹೋದ ದಿನವೇ ಮನೆಯ ಲೆಕ್ಕ ತಲೆಕೆಳಗಾಗುತ್ತದೆ. ನಿನ್ನೆಯವರೆಗೆ ಮಗುವಿನಿಂದ ಮನೆಗೆ ಬರುತ್ತಿದ್ದ ದುಡಿಮೆ ನಿಲ್ಲುತ್ತದೆ, ಮನೆಯಿಂದ ಮಗುವಿನ ಕಡೆಗೆ ದುಡ್ಡು ಹರಿಯಲು ಶುರುವಾಗುತ್ತದೆ. ತಾಯಿ ಓದಿರಲಿ ಬಿಡಲಿ, ಮಗ ಓದುತ್ತಿದ್ದರೆ ಸಾಕು. ಧಾರವಾಡದ ಜನಸಂಖ್ಯಾ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿ, ಮುಂದೆ ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ಪಿ.ಎನ್. ಮಾರಿ ಭಟ್ 2002ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಭಾರತದ ಜನನ ಪ್ರಮಾಣದ ಇಳಿತದಲ್ಲಿ ದೊಡ್ಡ ಪಾಲು ಓದದ ಹೆಂಗಸರದೇ ಎಂದು ತೋರಿಸಿದರು. ಜೊತೆಗೆ ಬಾಣ ಎರಡೂ ಕಡೆಗೆ ಓಡುತ್ತದೆ ಎಂದರು. ಓದು ಮಕ್ಕಳನ್ನು ಕಡಿಮೆ ಮಾಡುವಂತೆ, ಮಕ್ಕಳು ಕಡಿಮೆಯಾದ ಮನೆಯಲ್ಲಿ ಓದು ಹೆಚ್ಚುತ್ತದೆ.

ಇದನ್ನು ಮಾನ್ವಿ ರಸ್ತೆಯ ಯಾವ ಹಳ್ಳಿಯಲ್ಲೂ ಕಣ್ಣಾರೆ ನೋಡಬಹುದು. ಸರ್ಕಾರಿ ಸಾಲಿಗೆ ಫೀ ಇಲ್ಲ, ಪುಸ್ತಕ ಪುಕ್ಕಟೆ. ಆದರೂ ಖರ್ಚು ತಪ್ಪದು. ಚಪ್ಪಲಿ ಬೇಕು, ಎಣ್ಣೆ ಹಚ್ಚಿದ ತಲೆಗೆ ರಿಬ್ಬನ್ ಬೇಕು, ಟ್ಯೂಷನ್ನಿಗೆ ತಿಂಗಳ ದುಡ್ಡು ಬೇಕು. ಪಟ್ಟಣದ ಹಳದಿ ವ್ಯಾನು ಊರೊಳಗೆ ಬಂದು ನಿಂತ ಮೇಲೆ ‘ಕಾನ್ವೆಂಟ್’ ಎಂಬ ಮಾತೂ ಬಂತು, ಆ ಮಾತಿನ ಹಿಂದೆಯೇ ಸಾಲ. ಎಮ್ಮೆ ಮಾರಿ ಒಬ್ಬನನ್ನು ಓದಿಸಬಹುದು, ಐವರನ್ನು ಓದಿಸಲು ಎಷ್ಟು ಎಮ್ಮೆ ಬೇಕು? ಸಾಯುವ ಕೂಸುಗಳೂ ಕಡಿಮೆಯಾಗಿದ್ದವು. 1971ರಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 95 ವರ್ಷದೊಳಗೆ ತೀರಿಹೋಗುತ್ತಿದ್ದವು, 2020ರಲ್ಲಿ 19. ಹಡದದ್ದಕ್ಕೂ ಉಳಿದದ್ದಕ್ಕೂ ನಡುವಿನ ಅಂತರ ಮುಚ್ಚುತ್ತ ಬಂದಂತೆ, ಒಂದು ಹೋದರೆ ಇನ್ನೊಂದಿರಲಿ ಎಂಬ ಹಳೆಯ ಮುಂಜಾಗ್ರತೆಯೂ ಬೇಡವಾಯಿತು. 2002ರಲ್ಲಿ ರಾಜ್ಯದ ಬಿಸಿಯೂಟ ಯೋಜನೆ ಮೊದಲು ಶುರುವಾದದ್ದು ಈ ಈಶಾನ್ಯ ಜಿಲ್ಲೆಗಳಲ್ಲೇ. ಮಧ್ಯಾಹ್ನದ ಅನ್ನ ಸಾಲಿಯಲ್ಲಿ ಸಿಕ್ಕರೆ ದನ ಕಾಯಲು ಕಳಿಸುವ ಅಪ್ಪನೂ ಒಮ್ಮೆ ಯೋಚಿಸುತ್ತಾನೆ. 2001ರಲ್ಲಿ ಶೇ 36ರ ಹತ್ತಿರವಿದ್ದ ಜಿಲ್ಲೆಯ ಹೆಂಗಸರ ಸಾಕ್ಷರತೆ ಹತ್ತೇ ವರ್ಷದಲ್ಲಿ ಶೇ 48 ದಾಟಿತು.

ಆದರೆ ತಾಯಿ ಓದದೆ ಆದ ಇಳಿತಕ್ಕೂ ಓದಿ ಆದ ಇಳಿತಕ್ಕೂ ರೂಪ ಒಂದೇ ಅಲ್ಲ. ಓದಿದವಳು ತಡವಾಗಿ ಮದುವೆಯಾಗಿ, ಅಂತರ ಬಿಟ್ಟು ಎರಡು ಹಡೆಯುತ್ತಾಳೆ. ಓದದವಳು ಹದಿನಾರಕ್ಕೋ ಹದಿನೇಳಕ್ಕೋ ಮದುವೆಯಾಗಿ, ಇಪ್ಪತ್ತರೊಳಗೆ ಮೊದಲನೆಯದು, ಬೆನ್ನಿಗೇ ಎರಡನೆಯದು, ಗಂಡು ಬಂದಿಲ್ಲವೆಂದು ಮೂರನೆಯದು ಹಡೆದು, ಇಪ್ಪತ್ತೈದರ ಆಸುಪಾಸಿಗೆ ಆಪರೇಶನ್ ಮುಗಿಸಿಕೊಳ್ಳುತ್ತಾಳೆ. ಅಂಕಿಪಟ್ಟಿಯಲ್ಲಿ ಇಬ್ಬರೂ ಒಂದೇ ಕಾಲಮ್ಮಿನಲ್ಲಿ ಕೂರುತ್ತಾರೆ. ಒಬ್ಬಳ ಹರೆಯ ಅವಳ ಕೈಯಲ್ಲೇ ಉಳಿದಿರುತ್ತದೆ, ಇನ್ನೊಬ್ಬಳದು ಬಾಣಂತನದಲ್ಲೇ ಮುಗಿದಿರುತ್ತದೆ. ಜನನ ಪ್ರಮಾಣ ಇಳಿಯಿತೆಂದು ಬೆನ್ನು ತಟ್ಟಿಕೊಳ್ಳುವ ಇಲಾಖೆಗಳು ಈ ವ್ಯತ್ಯಾಸವನ್ನು ಗಮನಿಸುವುದು ಅಪರೂಪ.

ಬಾಲ್ಯವಿವಾಹದ ಬಗ್ಗೆ ರಾಜ್ಯ ಗಂಭೀರವಾಗಿ ಕೂತು ಯೋಚಿಸಿದ್ದು ಇದೇ ಜಿಲ್ಲೆಯವರೊಬ್ಬರ ನೇತೃತ್ವದಲ್ಲಿ. ರಾಯಚೂರು ಜಿಲ್ಲೆಯ ಮಲದಕಲ್‌ನಲ್ಲಿ ಹುಟ್ಟಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ನಿವೃತ್ತರಾದ ಶಿವರಾಜ ವಿ. ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಮುಂದೆ ಕರ್ನಾಟಕ ಕೇಂದ್ರದ ಕಾಯ್ದೆಗೆ ತಿದ್ದುಪಡಿ ತಂದು ಅಪ್ರಾಪ್ತರ ಮದುವೆಯನ್ನು ಮೂಲದಲ್ಲೇ ಅಸಿಂಧು ಎಂದಿತು. ಭಾಗ್ಯಲಕ್ಷ್ಮಿ ಬಾಂಡು ಹದಿನೆಂಟರವರೆಗೆ ಮದುವೆ ಮಾಡಬೇಡಿ ಎಂದು ಆಸೆ ತೋರಿಸಿತು. 2006ರಿಂದ ಎಂಟನೇ ಇಯತ್ತೆಗೆ ಬಂದವರಿಗೆ ಸೈಕಲ್ ಸಿಕ್ಕಿತು. ಕಸ್ತೂರ್‌ಬಾ ವಸತಿ ಶಾಲೆಗಳು ಬಂದವು. ಆದರೂ ಇಪ್ಪತ್ತರಿಂದ ಇಪ್ಪತ್ನಾಲ್ಕು ವಯಸ್ಸಿನ ಹೆಂಗಸರಲ್ಲಿ ಹದಿನೆಂಟರೊಳಗೆ ಮದುವೆಯಾದವರ ಪಾಲು ರಾಜ್ಯದಲ್ಲಿ 2015-16ರಲ್ಲಿ ಶೇ 21.4 ಇದ್ದದ್ದು 2019-20ರಲ್ಲಿ ಶೇ 21.3. ನಾಲ್ಕು ವರ್ಷದಲ್ಲಿ ಮುಳ್ಳು ಅಲುಗಲೇ ಇಲ್ಲ ಎನ್ನಬೇಕು.

ಕಾರಣ ಹುಡುಕಲು ದೇವದುರ್ಗದ ಬಸ್ ನಿಲ್ದಾಣಕ್ಕೆ ಹೋಗಬೇಕು. ಸುಗ್ಗಿ ಮುಗಿದು ಕೆಲಸ ಬತ್ತಿದ ಮೇಲೆ ಅಲ್ಲಿ ಗುಳೆ ಹೊರಟವರ ಗಂಟುಮೂಟೆ ಕಾಣುತ್ತದೆ. ಬೆಂಗಳೂರಿನ ಕಟ್ಟಡಗಳಿಗೆ ಮರಳು, ಇಟ್ಟಿಗೆ ಹೊರುವ ಕೈಗಳು ಇಲ್ಲಿಂದ ಹೋಗುತ್ತವೆ. ಹದಿನಾಲ್ಕು ತುಂಬಿದ ಮಗಳನ್ನು ಎಲ್ಲಿ ಬಿಡುವುದು? ಊರಲ್ಲಿ ಏಳನೇ ಇಯತ್ತೆವರೆಗೆ ಸಾಲಿ ಇದೆ, ಹೈಸ್ಕೂಲು ಇನ್ನೊಂದು ಊರಲ್ಲಿ. ಕಟ್ಟಡದ ತಗಡಿನ ಶೆಡ್ಡಿನಲ್ಲಿ ಮಗಳನ್ನು ಮಲಗಿಸುವುದಕ್ಕಿಂತ ಸೋದರಮಾವನಿಗೆ ಕೊಟ್ಟು ಕೈತೊಳೆದುಕೊಳ್ಳುವುದು ಆ ತಾಯಿಗೆ ಜಾಣತನವಾಗಿ ಕಾಣುತ್ತದೆ. ಅವಳಿಗೆ ಕಾಯ್ದೆ ಗೊತ್ತಿಲ್ಲವೆಂದಲ್ಲ. ಹಾಸ್ಟೆಲಿನಲ್ಲೊಂದು ಹಾಸಿಗೆ ಸಿಕ್ಕರೆ ಇದೇ ತಾಯಿ ಮಗಳನ್ನು ಕಳಿಸುತ್ತಾಳೆ. 1950ರ ದಶಕದ ಮೈಸೂರು ಅಧ್ಯಯನ ಹೈಸ್ಕೂಲಿನ ಹೊಸ್ತಿಲ ಮೇಲೆ ಗೆರೆ ಎಳೆದಿತ್ತಲ್ಲ, ಆ ಗೆರೆ ದೇವದುರ್ಗದಲ್ಲಿ ಇವತ್ತಿಗೂ ಅಲ್ಲೇ ಇದೆ. ಅದನ್ನು ದಾಟಿಸುವುದು ಭಾಷಣಕ್ಕಿಂತ ಹೆಚ್ಚಾಗಿ ಒಂದು ಬಸ್ಸು, ಒಂದು ಹಾಸಿಗೆ, ಒಂದು ಬೀಗವಿರುವ ಶೌಚಾಲಯ.

ಹೊರಗಿನ ಜಗತ್ತು ಈ ಗೆರೆಯನ್ನು ಬೇರೆ ಬೇರೆ ವೇಗದಲ್ಲಿ ದಾಟಿತು. 1980ರ ದಶಕದಲ್ಲಿ ಆರಕ್ಕಿಂತ ಹೆಚ್ಚು ಮಕ್ಕಳಿದ್ದ ಇರಾನಿನ ಹೆಂಗಸರು, ಹಳ್ಳಿಯ ಹುಡುಗಿಯರೂ ಶಾಲೆ ಸೇರಿದ ಮೇಲೆ, 2000ದ ಹೊತ್ತಿಗೆ ಎರಡರ ಆಸುಪಾಸಿಗೆ ಇಳಿದರು. ದಕ್ಷಿಣ ಕೊರಿಯಾ ಎಲ್ಲರನ್ನೂ ಹಿಂದಿಕ್ಕಿ 2023ರಲ್ಲಿ 0.72ಕ್ಕೆ ಬಂದು, ತೊಟ್ಟಿಲು ತುಂಬಿಸುವುದು ಹೇಗೆಂದು ತಲೆ ಕೆಡಿಸಿಕೊಂಡಿದೆ. ಕರ್ನಾಟಕದೊಳಗೂ ಮಲೆನಾಡು, ಕರಾವಳಿಯ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಹತ್ತು ಮಕ್ಕಳಿಲ್ಲ. ಪಂಜೆಯವರು ಇನ್‌ಸ್ಪೆಕ್ಷನ್ನಿಗೆ ಹೋಗುತ್ತಿದ್ದ ಸೀಮೆಯಲ್ಲಿ ಶಾಲೆಗಳಿಗೆ ಮಕ್ಕಳಿಲ್ಲ, ಅವರು ಬಂದು ಭಾಷಣ ಮಾಡಿದ ಸೀಮೆಯಲ್ಲಿ ಮಕ್ಕಳಿಗೆ ಮೇಷ್ಟ್ರಿಲ್ಲ.

ಮಟಮಾರಿಯವರಿಗಂತೂ ಈ ವೈಚಿತ್ರ್ಯ ಹೊಳೆ ದಾಟಿದರೆ ಸಿಗುತ್ತದೆ. ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲಕೂಡದು ಎಂದು 1990ರ ದಶಕದಲ್ಲಿ ಕಾಯ್ದೆ ಮಾಡಿದ್ದ ಆಂಧ್ರಪ್ರದೇಶ, 2024ರ ನವೆಂಬರಿನಲ್ಲಿ ಅದನ್ನು ಕಿತ್ತುಹಾಕಿತು. ಹೆಚ್ಚು ಮಕ್ಕಳನ್ನು ಮಾಡಿಕೊಳ್ಳಿ ಎಂದು ಅಲ್ಲಿನ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಬಹಿರಂಗವಾಗಿಯೇ ಹೇಳುತ್ತಿದ್ದಾರೆ. ಈ ದಂಡೆಯ ಆರೋಗ್ಯ ಕೇಂದ್ರದ ಆಶಾ ಕಾರ್ಯಕರ್ತೆ ಮಾತ್ರ ಇನ್ನೂ ಎರಡನೇ ಹೆರಿಗೆಯಾದವಳ ಮನೆ ಬಾಗಿಲಿಗೆ ಹೋಗಿ ಆಪರೇಶನ್ನಿನ ದಿನ ಗೊತ್ತು ಮಾಡುತ್ತಾಳೆ. ಅದೇ ಹೊತ್ತಿಗೆ ರಾಯಚೂರಿನ ಕಾಲೇಜಿಗೆ ಹೊರಟ ಹುಡುಗಿಯರು ಬೆಳಗಿನ ಬಸ್ಸಿಗೆ ಕಾಯುತ್ತ ನಿಂತಿರುತ್ತಾರೆ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಪಾಸು.